ಎಲ್ಲಾ ಚೆನ್ನಾಗಿದೆ ಅನ್ನಬೇಡ

ರಾಯದುರ್ಗ
18 ಡಿಸೆಂಬರ್ 2024

ನಮ್ಮ ತ್ರಿವೇಣಿಗೆ ಚಿಕ್ಕಮ್ಮನ ಆಶೀರ್ವಾದ.

ಮೊದಲು ಬೈಗುಳ, ಆಮೇಲೆ ಕ್ಷೇಮ ಸಮಾಚಾರ. ನನ್ನ ಫೋನ್ ನಂಬರನ್ನು ಯಾರ್ಯಾರಿಗೆ ಹಂಚಿದ್ದೀಯೇ ಮಹಾತಾಯಿ? ಹತ್ತು ದಿನದಿಂದ ಗುರುತು ಪರಿಚಯ ಇಲ್ಲದ ಗಂಡಸರು ಫೋನ್ ಮಾಡಿ ನಿನ್ನ ಹೆಸರು ಹೇಳುತ್ತಿದ್ದಾರೆ. "ತ್ರಿವೇಣಿ ಮನಿಯವ್ರೇನ್ರಿ? ಆಕಿ ಎತ್ತರ ಎಷ್ಟ್ರಿ? ತೂಕ ಎಷ್ಟ್ರಿ?" ಎಂದು ಕೇಳುತ್ತಾರೆ. ಹದಿನೈದು ವರ್ಷದ ಹುಡುಗಿಯ ತೂಕ ಕಟ್ಟಿಕೊಂಡು ಇವರಿಗೇನಾಗಬೇಕು?

ನಾನು ಪ್ಯಾಂಟಿನ ಜೇಬು ಹೊಲಿಯುವ ಮಷಿನ್ ಪಕ್ಕದಲ್ಲೇ ಫೋನ್ ಇಟ್ಟಿರುತ್ತೇನೆ. ಮಷಿನ್ ನಡುಗುತ್ತಿದೆಯೋ ಫೋನ್ ನಡುಗುತ್ತಿದೆಯೋ ಮೊದಲು ತಿಳಿಯುತ್ತಿರಲಿಲ್ಲ. ಈಗ ಎರಡೂ ನಿಂತಿದ್ದಾಗಲೂ ಫೋನ್ ಎತ್ತಿ ಎತ್ತಿ ನೋಡುತ್ತೇನೆ. ಪಕ್ಕದ ಮಷಿನ್ನಿನ ಚೌಡಕ್ಕ ನಿನ್ನೆ, "ಯಾರವ್ವಾ ಅವ್ರು? ಫೋನ್ ಬಂದ್ರ ಸಾಕು, ನಿನ್ನ ಮುಖ ಯಾಕ ಸುಣ್ಣ ಆಗ್ತೈತಿ?" ಅಂದಳು. ನಾನು ಏನೋ ಹೇಳಿ ಜಾರಿಕೊಂಡೆ.

ನಿನ್ನ ಅಪ್ಪ ಅಮ್ಮ ಕುರಿ ಹೊಡೆದುಕೊಂಡು ಬೊಮ್ಮನಹಾಳ್ ಕಡೆಗೆ ಬಂದಿದ್ದಾರೆ. ಭತ್ತ ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸುವ ಕಾಲ. ಇವತ್ತು ಒಂದು ಗದ್ದೆ, ನಾಳೆ ಇನ್ನೊಂದು, ಅವರನ್ನು ಹಿಡಿಯುವುದೇ ಕಷ್ಟ. ನಿಮ್ಮ ಹಾಸ್ಟೆಲಿನಲ್ಲಿ ಹುಡುಗಿಯರ ಕೈಗೆ ಫೋನ್ ಕೊಡುವುದಿಲ್ಲ, ಅದಕ್ಕೇ ಈ ಕಾಗದ. ಯಾರವರು, ಏನು ಕತೆ, ಕೂಡಲೇ ಬರೆ.

ನಿನ್ನ ಚಿಕ್ಕಮ್ಮ,
ವನಿತಾ

*

ಮಡಕಶಿರಾ
27 ಡಿಸೆಂಬರ್ 2024

ಚಿಕ್ಕಮ್ಮನಿಗೆ ತ್ರಿವೇಣಿಯ ನಮಸ್ಕಾರ.

ಅಯ್ಯೋ, ನಿನ್ನ ಬೈಗುಳ ಓದಿ ಕುಣಿದಾಡಿಬಿಟ್ಟೆ! ಚಿಕ್ಕಮ್ಮಾ, ಅವರು ಕಾಲೇಜಿನವರು. ರಾಜ್ಯಮಟ್ಟದಲ್ಲಿ ಡಿಸ್ಕಸ್ ಎಸೆದು ನನಗೆ ಬೆಳ್ಳಿ ಪದಕ ಬಂತಲ್ಲ, ಆ ಪಟ್ಟಿ ನೋಡಿ ಫೋನ್ ಮಾಡುತ್ತಾರೆ. ಗೆದ್ದವರಿಗೆ ಸೀಟು, ಹಾಸ್ಟೆಲು, ಊಟ ಎಲ್ಲ ಪುಕ್ಕಟೆ. ಫಾರಂನಲ್ಲಿ ಮನೆಯವರ ನಂಬರ್ ಬರಿ ಅಂದರು. ಕುರಿ ಹಿಂದೆ ಹೋದರೆ ಅಪ್ಪನ ಫೋನ್ ಸಿಗುವುದಿಲ್ಲ, ಅದಕ್ಕೆ ನಿನ್ನದು ಬರೆದೆ. ನಮ್ಮ ಮನೆಯಲ್ಲಿ ಹತ್ತನೇ ತರಗತಿ ಪಾಸಾದವಳು ನೀನೊಬ್ಬಳೇ ತಾನೇ.

ಇಷ್ಟು ದಿನ ನನ್ನ ಮೈ ನೋಡಿ ಎಲ್ಲರೂ "ಗಡವ" ಅಂತ ನಗುತ್ತಿದ್ದರು. ಈಗ ಅದೇ ಮೈಯನ್ನು ನಮ್ಮ ಆಟದ ಮೇಷ್ಟ್ರು ಹನುಮೇಶ್ ಸಾರ್, "ದೇವ್ರು ಕೊಟ್ಟಿದ್ದು ಕಣಮ್ಮ, ಗೂನು ಹಾಕ್ಕೊಂಡು ನಡೀಬೇಡ" ಅನ್ನುತ್ತಾರೆ. ಕಾಲೇಜಿಗೆ ಹೋಗದಿದ್ದರೆ ಮುಂದಿನ ವರ್ಷ ನನಗೆ ಗಂಡು ನೋಡುತ್ತಾರೆ, ನಿನಗೆ ಗೊತ್ತು. ಕೈಮುಗಿಯುತ್ತೇನೆ, ಫೋನ್ ಕತ್ತರಿಸಬೇಡ. ಮಾತಾಡು.

ನಿನಗೆ ಅಷ್ಟೊಂದು ಹೆದರಿಕೆ ಯಾಕೆ?

ನಿನ್ನ ಮಗಳಂತೆಯೇ ಇರುವ,
ತ್ರಿವೇಣಿ

*

ರಾಯದುರ್ಗ
12 ಜನವರಿ 2025

ತ್ರಿವೇಣಿಗೆ ಆಶೀರ್ವಾದ.

ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಿನ್ನ ಕಾಗದ ಬರುವಷ್ಟರಲ್ಲಿ ನಾನು ಐದಾರು ನಂಬರುಗಳನ್ನು ಬ್ಲಾಕ್ ಮಾಡಿದ್ದೆ. ಅದರಲ್ಲಿ ಒಂದು ಹೆಂಗಸಿನ ದನಿ, ಬಳ್ಳಾರಿ ಕಡೆಯದು, ಮೆತ್ತಗೆ ಮಾತಾಡಿತ್ತು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಇನ್ನೂ ಭಯ. ಈಗ ಚೌಡಕ್ಕನ ಮಗಳ ಕೈಲಿ ಎಲ್ಲ ಬ್ಲಾಕನ್ನೂ ತೆಗೆಸಿದ್ದೇನೆ.

ಒಬ್ಬನನ್ನು ಮಾತ್ರ ಬ್ಲಾಕ್ ಮಾಡಿಯೂ ತಪ್ಪಿಸಿಕೊಳ್ಳಲಾಗಲಿಲ್ಲ. ಬಾಲರಾಜು ಅಂತ. ಬೇರೆ ಬೇರೆ ನಂಬರಿನಿಂದ ಮಾಡುತ್ತಾನೆ. ಬೆಂಗಳೂರಿನ ಆಚೆ ಎಲ್ಲೋ ಕ್ರೀಡಾ ಅಕಾಡೆಮಿಯಂತೆ, ಕಾಲೇಜೂ ಅಲ್ಲೇ ಅಂತೆ. "ಅಮ್ಮಾ, ಮೀ ಪಾಪ ಮಾ ಪಾಪ" ಅನ್ನುತ್ತಾನೆ, ನಿಮ್ಮ ಮಗು ನಮ್ಮ ಮಗು ಇದ್ದಂತೆ ಎಂದು. ನಿನ್ನ ಫೋಟೋ ಬೇಕಂತೆ, ಆಟದ ಬಟ್ಟೆಯಲ್ಲಿ, ಪೂರ್ತಿ ಮೈ ಕಾಣುವ ಹಾಗೆ. ಶಾಲೆಯ ಮೇಷ್ಟ್ರಿಗೆ ಹೇಳಬಾರದಂತೆ, ಅವರು ಬೇರೆ ಕಡೆಯವರ ಜೊತೆ ಸೇರಿಕೊಂಡಿರುತ್ತಾರಂತೆ. ಮೊನ್ನೆ ಸಂಜೆ ನಾನು ಹೊಲಿಗೆ ಯೂನಿಟ್ಟಿನ ಗೇಟು ದಾಟಿದ ಕೂಡಲೇ ಫೋನ್ ಬಂತು. "ಈಗ ಬಿಡುವಾಯ್ತಲ್ಲಮ್ಮಾ, ಮಾತಾಡೋಣ" ಅಂದ. ನಾನು ಸುತ್ತ ನೋಡಿದೆ. ರಸ್ತೆಯಲ್ಲಿ ನೂರು ಜನ ಇದ್ದರು, ಯಾರನ್ನು ಅಂತ ನೋಡಲಿ? ಆಟೋ ಹತ್ತದೆ ಮಾರುಕಟ್ಟೆ ಸುತ್ತಿ ಸುತ್ತಿ ಮನೆಗೆ ಹೋದೆ.

ಹೆದರಿಕೆ ಯಾಕೆ ಅಂತ ಕೇಳಿದ್ದೀಯ. ಇದೆ, ಅಷ್ಟೇ. ನಿನ್ನ ದಾರಿಗೆ ನನ್ನ ಹೆದರಿಕೆಯೇ ಮುಳ್ಳಾದೀತು ಅನ್ನುವುದು ಇನ್ನೊಂದು ಹೆದರಿಕೆ. ಏನು ಮಾಡಲಿ ಹೇಳು.

ವನಿತಾ

*

ಮಡಕಶಿರಾ
25 ಜನವರಿ 2025

ಚಿಕ್ಕಮ್ಮಾ,

ನಿನ್ನ ಕಾಗದವನ್ನು ಹನುಮೇಶ್ ಸಾರ್‌ಗೆ ತೋರಿಸಿದೆ. ಬೈಯಬೇಡ. ಅವರು ಎರಡು ಸಲ ಓದಿ, "ಫೋಟೋ ಕಳಿಸ್ಬೇಡಿ ಅನ್ನು. ಯಾರು ಏನು ಕೇಳಿದ್ರೂ, 'ನಾನೇ ತಿರುಗಿ ಫೋನ್ ಮಾಡ್ತೀನಿ' ಅಂತ ಇಟ್ಬಿಡ್ಲಿ. ಆಮೇಲೆ ಕಾಲೇಜಿನ ಆಫೀಸ್ ನಂಬರ್‌ಗೆ ಮಾಡ್ಲಿ. ಅವ್ರು ಮಾಡಿದ ಫೋನಿಗೆ ನಾವು ಉತ್ರ ಕೊಡ್ಬಾರ್ದು, ನಾವು ಮಾಡಿದ ಫೋನಿಗೆ ಅವ್ರು ಉತ್ರ ಕೊಡ್ಬೇಕು" ಅಂದರು.

ಕೇಳಬೇಕಾದ್ದನ್ನೂ ಹೇಳಿಕೊಟ್ಟಿದ್ದಾರೆ. ಹಾಸ್ಟೆಲಿನಲ್ಲಿ ರಾತ್ರಿ ಹುಡುಗಿಯರ ಜೊತೆ ಯಾವ ಹೆಂಗಸು ಇರುತ್ತಾರೆ ಅಂತ ಕೇಳು. ಮೈಗೆ ಪೆಟ್ಟಾಗಿ ಆಡಲಾಗದಿದ್ದರೆ ಓದು ನಿಲ್ಲಿಸುತ್ತಾರಾ ಅಂತ ಕೇಳು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಈಗ ಇರುವ ಒಬ್ಬ ಹುಡುಗಿಯ ಜೊತೆ ಮಾತಾಡಿಸಿ ಅನ್ನು. ಮತ್ತೆ, ಪದಕದ ಸರ್ಟಿಫಿಕೇಟಿನ ಅಸಲು ಪ್ರತಿ ಯಾರ ಕೈಗೂ ಹೋಗಬಾರದಂತೆ. ಅದಿಲ್ಲದಿದ್ದರೆ ಯಾವ ಕಾಲೇಜಿನಲ್ಲೂ ಆಟದ ಸೀಟು ಇಲ್ಲ. ಅದು ಅಪ್ಪನ ಹತ್ತಿರ ಇದೆ. ಹಾಸ್ಟೆಲಿನಲ್ಲಿ ನನ್ನ ಟ್ರಂಕಿನ ಬೀಗ ಕೆಟ್ಟಿದೆ ಅಂತ, ಸಂಕ್ರಾಂತಿಗೆ ನೋಡಲು ಬಂದಾಗ ಅಪ್ಪ ತೆಗೆದುಕೊಂಡು ಹೋದ. ಅವನಿಗೂ ಹೇಳಿಬಿಡು.

ನೀನು ಮಾತಾಡುತ್ತೀಯ. ನನಗೆ ಗೊತ್ತು.

ತ್ರಿವೇಣಿ

*

ರಾಯದುರ್ಗ
16 ಫೆಬ್ರವರಿ 2025

ತ್ರಿವೇಣಿ,

ಮೊದಲು ಒಳ್ಳೆಯ ಸುದ್ದಿ. ಆ ಮೆತ್ತಗಿನ ದನಿಯ ಹೆಂಗಸು ಬಳ್ಳಾರಿಯ ಕಾಲೇಜಿನ ಕೋಚ್, ಮಮತಾ ಮೇಡಂ ಅಂತ. ಆಫೀಸಿನ ನಂಬರಿಗೆ ಮಾಡಿ ಕೇಳಿದೆ, ನಿಜವೇ. ಹುಡುಗಿಯರ ಹಾಸ್ಟೆಲಿನಲ್ಲೇ ಅವರ ವಾಸ. ಒಬ್ಬ ಹುಡುಗಿಯ ಜೊತೆ ಮಾತಾಡಿಸಿ ಅಂದರೆ, ಎದುರಿಗೆ ಹೋಗುತ್ತಿದ್ದವಳನ್ನು ಕೂಗಿ ಫೋನ್ ಕೊಟ್ಟು ತಾವು ಆಚೆ ಹೋದರು. ಆ ಹುಡುಗಿ ಬಾಯಿ ತೆರೆದವಳು ಮುಚ್ಚಲಿಲ್ಲ. "ಸಾಂಬಾರು ನೀರ್ ನೀರು ಇರ್ತೈತ್ರಿ ಅಕ್ಕಾ, ಬೇಳಿ ಹುಡುಕಾಕ ಬ್ಯಾಟ್ರಿ ಬೇಕು. ಮೇಡಂ ಬೆಳಿಗ್ಗಿ ಐದಕ್ಕ ಎಬ್ಬಿಸಿ ಜೀವ ತಿಂತಾರ." ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂತು.

ಆಮೇಲೆ ಬಾಲರಾಜುವಿಗೆ ಅದೇ ಕೇಳಿದೆ. ಆಫೀಸ್ ನಂಬರ್ ಕೊಡಲಿಲ್ಲ. ಹುಡುಗಿಯನ್ನು ಮಾತಾಡಿಸಲು ಮೂರು ದಿನ ತೆಗೆದುಕೊಂಡ. ಸಣ್ಣ ದನಿ. "ಎಲ್ಲಾ ಚೆನ್ನಾಗೈತ್ರಿ" ಅಂದಳು. ಇವತ್ತು ಏನು ಊಟ ಮಾಡಿದೆಯವ್ವಾ ಅಂತ ಕೇಳಿದೆ. "ಎಲ್ಲಾ ಚೆನ್ನಾಗೈತ್ರಿ." ನಿನ್ನ ಹೆಸರೇನವ್ವಾ ಅಂದೆ. ಸ್ವಲ್ಪ ಹೊತ್ತು ಏನೂ ಇಲ್ಲ, ಬರೀ ಉಸಿರು. ಮತ್ತೆ, "ಎಲ್ಲಾ ಚೆನ್ನಾಗೈತ್ರಿ." ನಾನು ಮಷಿನ್ ಮೇಲೆ ತಲೆಯಿಟ್ಟು ಕೂತುಬಿಟ್ಟೆ. ಚೌಡಕ್ಕ ನೀರು ಕುಡಿಸಿದಳು.

ಈಗ ಕೆಟ್ಟ ಸುದ್ದಿ. ನಾನು ಜಗ್ಗುವುದಿಲ್ಲ ಅಂತ ತಿಳಿದು ಅವನು ನಿನ್ನ ಅಪ್ಪನನ್ನೇ ಹುಡುಕಿಕೊಂಡು ಬೊಮ್ಮನಹಾಳದ ಗದ್ದೆಗೆ ಹೋಗಿದ್ದಾನೆ. "ನಮ್ಮಪ್ಪಾನೂ ಕುರಿ ದಲ್ಲಾಳಿನೇ" ಅಂದನಂತೆ. ಮಂದೆಯ ನಡುವೆ ಕುಕ್ಕರಗಾಲಲ್ಲಿ ಕೂತು, ಹೆಗಲ ಟವಲು ತೆಗೆದು ಕೈಮೇಲೆ ಹಾಸಿ, ಕುರಿ ವ್ಯಾಪಾರದಲ್ಲಿ ಬೆರಳು ಮುಟ್ಟಿ ಬೆಲೆ ಕುದುರಿಸುವ ಹಾಗೆಯೇ ಅದರ ಕೆಳಗೆ ಭಾವನ ಕೈ ಹಿಡಿದನಂತೆ. ಭಾವ ಕರಗಿಹೋದರು. ನಾನು ಎಚ್ಚರಿಕೆ ಮುಟ್ಟಿಸುವ ಮೊದಲೇ, ಅವನು ನಿನಗೆಂದು ಕೊಟ್ಟ ಆಟದ ಬೂಟು ತೆಗೆದುಕೊಂಡು ನಿನ್ನ ಅಸಲು ಸರ್ಟಿಫಿಕೇಟು ಕೊಟ್ಟಿದ್ದಾರೆ. ನಾನು ಫೋನಿನಲ್ಲಿ ಕೂಗಾಡಿದೆ. ಅದಕ್ಕೆ ಅವರು, "ಟವಲ್ ಕೆಳ್ಗೆ ಕೈ ಸೇರುಸಾಯ್ತು ಕಣಮ್ಮಿ. ಇನ್ನು ರಾಜನೇ ಬಂದು ಕೇಳಿದ್ರೂ ಬೇರೆಯವ್ರಿಗೆ ಆ ಮಾತಿಲ್ಲ" ಅಂದರು. ಪರೀಕ್ಷೆ ಮುಗಿದ ಮಾರನೇ ದಿನ ಹಾಸ್ಟೆಲಿಗೇ ಕಾರು ಕಳಿಸುತ್ತಾನಂತೆ.

ನನಗೆ ತುಂಬಾ ಭಯವಾಗುತ್ತಿದೆ ಮಗಳೇ.

ವನಿತಾ

*

ಮಡಕಶಿರಾ
24 ಫೆಬ್ರವರಿ 2025

ಚಿಕ್ಕಮ್ಮನಿಗೆ,

ನಾನೇನು ಕುರಿಯಾ, ಟವಲಿನ ಕೆಳಗೆ ವ್ಯಾಪಾರ ಮಾಡಲು? ಓದಿ ಎರಡು ದಿನ ಅತ್ತೆ. ಆಮೇಲೆ ಯೋಚನೆ ಮಾಡಿದೆ. ಸರ್ಟಿಫಿಕೇಟು ಅವನ ಹತ್ತಿರ ಇದೆ. ಅಪ್ಪ ಹುಟ್ಟಿದಾಗಿನಿಂದ ಮಾತು ತಪ್ಪಿದವನಲ್ಲ. ಹಾಗಾದರೆ ಹೋಗಿಬಿಡುತ್ತೇನೆ. ಎಲ್ಲೂ ಹೋಗದೆ ಇರುವುದಕ್ಕಿಂತ ಅದು ವಾಸಿ.

ಆ ಹುಡುಗಿ ಚೆನ್ನಾಗಿದೆ ಅಂತ ತಾನೇ ಹೇಳಿದಳು? ಸಾಂಬಾರು ಕೆಟ್ಟಿದೆ ಅಂದವಳ ಕಾಲೇಜು ಒಳ್ಳೆಯದು, ಎಲ್ಲಾ ಚೆನ್ನಾಗಿದೆ ಅಂದವಳ ಕಾಲೇಜು ಕೆಟ್ಟದ್ದು, ಇದು ಯಾವ ಸೀಮೆಯ ನ್ಯಾಯ? ನೀನು ಮೊದಲಿನಿಂದಲೂ ಪುಕ್ಕಲಿ. ಬಸ್ಸು ಹತ್ತಲೂ ಹೆದರುತ್ತೀಯ ಅಂತ ಅಮ್ಮ ನಗುತ್ತಾಳೆ. ನಿನ್ನ ಹೆದರಿಕೆಯನ್ನು ನನ್ನ ತಲೆಗೆ ಕಟ್ಟಬೇಡ.

ತ್ರಿವೇಣಿ

*

ರಾಯದುರ್ಗ
9 ಮಾರ್ಚ್ 2025

ತ್ರಿವೇಣಿ,

ನೀನು ಬರೆದದ್ದು ಸರಿ. ನಾನು ಪುಕ್ಕಲಿ. ಹದಿನೈದು ವರ್ಷದಿಂದ ಯಾರಿಗೂ ಹೇಳದ್ದನ್ನು ಈ ವಾರ ನಿನ್ನ ಅಮ್ಮನಿಗೆ ಹೇಳಿದೆ, ಈಗ ನಿನಗೂ ಬರೆಯುತ್ತಿದ್ದೇನೆ. ಪರೀಕ್ಷೆಯ ಹೊತ್ತಿನಲ್ಲಿ ಬರೆಯಬಾರದು. ಆದರೆ ಕಾರು ಬರುವ ಮುಂಚೆ ನಿನಗೆ ಗೊತ್ತಿರಬೇಕು.

ನಾನು ಹತ್ತನೇ ತರಗತಿ ಪಾಸಾದ ವರ್ಷ ಒಬ್ಬ ಬಂದಿದ್ದ. ದೂರದ ನೂಲಿನ ಗಿರಣಿಯಲ್ಲಿ ಕೆಲಸ, ಜೊತೆಗೆ ಓದು, ಹಾಸ್ಟೆಲು, ಊಟ, ಎಲ್ಲ ಪುಕ್ಕಟೆ ಅಂದ. ನನ್ನ ಮಾರ್ಕ್ಸ್ ಕಾರ್ಡ್ ಇಸಿದುಕೊಂಡ. ಎರಡು ವರ್ಷ ನಾನು ಆ ಗೇಟಿನಿಂದ ಹೊರಗೆ ಕಾಲಿಡಲಿಲ್ಲ. ಓದು ಇರಲಿಲ್ಲ. ಹುಷಾರು ತಪ್ಪಿದರೂ ಮಷಿನ್ ಮುಂದೆ ನಿಲ್ಲಬೇಕು, ಕೂತರೆ ಹೊಡೆತ. ಬೇರೆಯದೂ ಇತ್ತು, ಅದನ್ನು ನಿನಗೆ ಬರೆಯುವುದಿಲ್ಲ. ಭಾನುವಾರ ಮನೆಗೆ ಫೋನ್ ಮಾಡಿಸುತ್ತಿದ್ದರು. ಸೂಪರ್‌ವೈಜರ್ ಪಕ್ಕದಲ್ಲೇ ನಿಂತು ನನ್ನ ಕತ್ತಿನ ಹಿಂದೆ ಕೈ ಇಟ್ಟಿರುತ್ತಿದ್ದ. ನಾನು, "ಎಲ್ಲಾ ಚೆನ್ನಾಗಿದೆ ಅಕ್ಕಾ" ಅನ್ನುತ್ತಿದ್ದೆ. ಏನು ಉಂಡೆ ಅಂತ ಅಕ್ಕ ಕೇಳಿದರೂ ಅದೇ. ಯಾವ ಮಾತು ಆಡಿದರೆ ಆ ಕೈ ಬಿಗಿಯಾಗುತ್ತದೋ ಗೊತ್ತಿಲ್ಲದಾಗ ಗೊತ್ತಿರುವ ಒಂದೇ ಮಾತನ್ನು ಹೇಳುವುದು. ನಿನ್ನ ಅಮ್ಮ ಊರಿಗೆಲ್ಲ, "ನಮ್ಮ ವನಿತಾ ಚೆನ್ನಾಗವ್ಳೆ" ಅಂತ ಹೇಳಿಕೊಂಡು ತಿರುಗಿದಳು. ಕೊನೆಗೆ ಜ್ವರ ಏರಿ ಕೆಲಸಕ್ಕೆ ಬಾರದವಳಾದಾಗ ಬಸ್ಸಿಗೆ ಹತ್ತಿಸಿ ಕಳಿಸಿದರು. ರಜೆಗೆ ಬಂದೆ ಅಂದುಕೊಂಡರು ಎಲ್ಲರೂ. ನಾನೂ ಹಾಗೆಯೇ ಇರಲಿ ಅಂದುಕೊಂಡೆ.

ಆ ಹುಡುಗಿಯ ದನಿಯಲ್ಲಿ ನಾನು ಕೇಳಿದ್ದು ಅದನ್ನೇ.

ಗುರುವಾರ ರಜೆ ಹಾಕಿ ಬೊಮ್ಮನಹಾಳಕ್ಕೆ ಹೋದೆ. ಹೌದು, ಒಬ್ಬಳೇ ಬಸ್ಸಿನಲ್ಲಿ. ಗದ್ದೆಯ ಬದುವಿನ ಮೇಲೆ ಕೂತು ಇಬ್ಬರಿಗೂ ಹೇಳಿದೆ. ನಿನ್ನ ಅಮ್ಮ ಎದೆ ಎದೆ ಬಡಿದುಕೊಂಡು, "ನಾನು ಕೇಳ್ದೆ ಕಣೇ, ವಾರ ವಾರಾನೂ ಕೇಳ್ದೆ" ಅಂತ ಅತ್ತಳು. ಭಾವ ಎದ್ದು ಹೋಗಿ ಕುರಿಗಳ ನಡುವೆ ನಿಂತುಬಿಟ್ಟರು. ಬಸ್ಸಿಗೆ ಹೊತ್ತಾಯಿತು, ಬಂದುಬಿಟ್ಟೆ. ಅವರು ಏನು ಮಾಡುತ್ತಾರೋ ನನಗೆ ತಿಳಿಯದು. ನೀನು ಮಾತ್ರ ಯಾವ ಕಾರೂ ಹತ್ತಬೇಡ. ಕಾಲಿಗೆ ಬೀಳುತ್ತೇನೆ.

ನಿನ್ನ ಪುಕ್ಕಲಿ ಚಿಕ್ಕಮ್ಮ,
ವನಿತಾ

*

ಮಡಕಶಿರಾ
2 ಏಪ್ರಿಲ್ 2025

ಚಿಕ್ಕಮ್ಮಾ,

ನಿನ್ನ ಕಾಗದ ಬಂದಾಗಿನಿಂದ ಉತ್ತರ ಬರೆಯಲು ಮುಖ ಇರಲಿಲ್ಲ. ಪುಕ್ಕಲಿ ಅಂತ ಬರೆದ ಈ ಕೈ ಮುರಿಯಲಿ.

ಮೊನ್ನೆ ಪರೀಕ್ಷೆ ಮುಗಿಯಿತು. ನಿನ್ನೆ ಗೇಟಿನ ಮುಂದೆ ಗಾಡಿಯ ಸದ್ದಾದಾಗ ಕಕ್ಕಸಿನೊಳಗೆ ಚಿಲಕ ಹಾಕಿಕೊಂಡು ಕೂತೆ. ಹನುಮೇಶ್ ಸಾರ್ ಬಂದು ಕೂಗಿದರು. ಬಂದದ್ದು ಕಾರಲ್ಲ, ಬಾಡಿಗೆ ಆಟೋ. ಅದರಲ್ಲಿ ಅಪ್ಪ ಅಮ್ಮ ಇದ್ದರು. ಅಪ್ಪ ಪಂಚೆಯ ಮಡಿಕೆಯಿಂದ ಪ್ಲಾಸ್ಟಿಕ್ ಚೀಲ ತೆಗೆದ. ಒಳಗೆ ನನ್ನ ಸರ್ಟಿಫಿಕೇಟು.

ನಡೆದದ್ದನ್ನು ಅಮ್ಮ ಹೇಳಿದಳು. ಅಪ್ಪ ಆ ಬಾಲರಾಜುವಿಗೆ, "ಹುಡುಗಿ ಕಾಗ್ದಕ್ಕೆ ಇನ್ನೊಂದು ಸಹಿ ಬೇಕಂತೆ, ಅದ್ನ ತಗೊಂಡು ಬರ್ರಿ" ಅಂತ ಫೋನ್ ಮಾಡಿಸಿದನಂತೆ. ಅವನು ಬಂದ. ಅಪ್ಪ ನಗುನಗುತ್ತಾ ಕೂರಿಸಿ, ಟವಲು ಹಾಸಿ, ಕೆಳಗೆ ಅವನ ಕೈ ಹಿಡಿದ. ಸುತ್ತ ಏಳೆಂಟು ಜನ ಕುರಿಯವರು, ನಾಯಿಗಳು. ಅಪ್ಪ, "ರೋಗ ಮುಚ್ಚಿಟ್ಟು ಮಾಡಿದ ವ್ಯಾಪಾರಕ್ಕೆ ನಮ್ಮಲ್ಲಿ ಮಾತಿಲ್ಲ ಸ್ವಾಮಿ. ನಿಮ್ಮಪ್ಪ ದಲ್ಲಾಳಿ ಆಗಿದ್ರೆ ಹೇಳಿಕೊಟ್ಟಿರ್ಬೇಕಿತ್ತು" ಅಂದು ಬೂಟಿನ ಡಬ್ಬ ಅವನ ಮುಂದಿಟ್ಟ. ಕೈ ಮಾತ್ರ ಬಿಡಲಿಲ್ಲ. ಟವಲಿನ ಕೆಳಗೆ ಏನಾಗುತ್ತಿತ್ತೋ ಯಾರಿಗೂ ಕಾಣದು. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತಂತೆ. ಡ್ರೈವರನ್ನು ಕೂಗಿ ಕಾರಿನಿಂದ ಸರ್ಟಿಫಿಕೇಟು ತರಿಸಿದ ಮೇಲೆಯೇ ಅಪ್ಪ ಕೈ ಬಿಟ್ಟದ್ದು.

ಅಪ್ಪನನ್ನು ಕೇಳಿದರೆ, "ವ್ಯಾಪಾರ ಮುರೀತು, ಅಷ್ಟೇ" ಅಂದ. ಆಮೇಲೆ ನನ್ನ ಮುಖ ನೋಡದೆ, "ನಿನ್ನ ಕೇಳ್ಬೇಕಾಗಿತ್ತು ಕಣವ್ವ" ಅಂದ. ಮಮತಾ ಮೇಡಂಗೆ ಹೂಂ ಅಂದುಬಿಡು ಚಿಕ್ಕಮ್ಮಾ.

ತ್ರಿವೇಣಿ

*

ಬಳ್ಳಾರಿ
6 ಜುಲೈ 2025

ಚಿಕ್ಕಮ್ಮಾ,

ಫೋನ್ ಇದ್ದರೂ ಕಾಗದ ಬರಿ ಅಂತ ನೀನೇ ಅಂದೆ. "ಕಾಗ್ದದ ಪಕ್ಕ ಯಾರೂ ನಿಂತಿರೋದಿಲ್ಲ" ಅಂದೆ. ಎಲ್ಲಾ ಚೆನ್ನಾಗಿದೆ ಅಂತ ಮಾತ್ರ ಬರೆಯಬೇಡ, ಬೈಗುಳವಿದ್ದರೆ ಬರಿ ಅಂದೆ. ತಗೋ.

ಸಾಂಬಾರು ನಿಜವಾಗಿಯೂ ನೀರು. ಪಕ್ಕದ ಮಂಚದವಳ ಗೊರಕೆಗೆ ಕಿಟಕಿ ಅಲುಗುತ್ತದೆ. ಮಮತಾ ಮೇಡಂ ನನ್ನ ಎಡಗಾಲು ಸೋಮಾರಿ ಅಂತ ದಿನಾ ಬೈಯುತ್ತಾರೆ, ನಾನು ಹಿಂದಿನಿಂದ ಅವರನ್ನು ಅಣಕಿಸುತ್ತೇನೆ. ಒಮ್ಮೆ ಸಿಕ್ಕಿಬಿದ್ದೆ. ಲೆಕ್ಕದ ಮೇಷ್ಟ್ರ ಪಾಠ ತಲೆಗೆ ಹತ್ತುವುದಿಲ್ಲ. ಅಮ್ಮನ ನೆನಪಾಗಿ ಎರಡು ಸಲ ಅತ್ತೆ. ಇನ್ನೂ ಬೈಯುವುದು ಬಹಳ ಇದೆ, ಹಾಳೆ ಮುಗಿಯಿತು.

ಬಾಲರಾಜು ಮಾತಾಡಿಸಿದ ಆ ಹುಡುಗಿ ಏನಾದಳೋ ಅಂತ ಆಗಾಗ ಅನ್ನಿಸುತ್ತದೆ. ನಿನಗೂ ಅನ್ನಿಸುತ್ತದಾ?

ತ್ರಿವೇಣಿ

*

ರಾಯದುರ್ಗ
10 ಆಗಸ್ಟ್ 2025

ತ್ರಿವೇಣಿಗೆ ಆಶೀರ್ವಾದ.

ನಿನ್ನ ಬೈಗುಳದ ಕಾಗದವನ್ನು ಎಷ್ಟು ಸಲ ಓದಿದೆನೋ. ಚೌಡಕ್ಕನಿಗೂ ಓದಿ ಹೇಳಿದೆ.

ಅನ್ನಿಸುತ್ತದಾ ಅಂತ ಕೇಳಿದ್ದೀಯ. ಅನ್ನಿಸದ ದಿನವೇ ಇಲ್ಲ. ಏಪ್ರಿಲ್‌ನಿಂದ ನಾನು ಆ ಬಾಲರಾಜುವಿಗೆ ಫೋನ್ ಮಾಡುತ್ತಲೇ ಇದ್ದೇನೆ. ನನ್ನ ನಂಬರಿನಿಂದ ಅಲ್ಲ. ನಮ್ಮ ಮಷಿನ್ ಸಾಲಿನ ಒಬ್ಬೊಬ್ಬರ ಫೋನಿನಿಂದ, ಒಂದೊಂದು ಸಲ ಒಬ್ಬೊಬ್ಬರು. "ನಮ್ಮ ಮಗಳು ಗುಂಡು ಎಸಿತಾಳ್ರಿ, ನಿಮ್ಮಲ್ಲಿಗೆ ಕಳಿಸ್ಬೇಕಂತೀವಿ, ಒಬ್ಬ ಹುಡುಗಿ ಕೂಡ ಮಾತಾಡಿಸ್ರಿ." ಅವನು ಅವಳನ್ನೇ ಕರೆಯುತ್ತಾನೆ, ಅವಳು ಅದನ್ನೇ ಹೇಳುತ್ತಾಳೆ. ಪ್ರತಿ ಸಲವೂ ಇದೇ ಕೊನೆ ಅಂದುಕೊಳ್ಳುತ್ತೇನೆ. ಆದರೂ ಮಾಡುತ್ತೇನೆ.

ಕಳೆದ ಭಾನುವಾರ ಚೌಡಕ್ಕನ ಫೋನಿನಿಂದ ಮಾತಾಡಿದವಳು ನಾನೇ. ಇವತ್ತು ಏನು ಊಟ ಮಾಡಿದೆಯವ್ವಾ ಅಂದೆ. ನನ್ನ ದನಿ ಗುರುತು ಸಿಕ್ಕಿತೋ ಏನೋ. ಒಂದೇ ಉಸಿರಿಗೆ, "ಹುಲಿಗೆಮ್ಮ, ಡಿ. ಹಿರೇಹಾಳ್, ಶಾಲಿ ಹಿಂದಿನ ಓಣಿ" ಅಂದಳು. ಏನೋ ಬಿದ್ದ ಸದ್ದು. ಫೋನ್ ಸತ್ತಿತು.

ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಡಿ. ಹಿರೇಹಾಳಕ್ಕೆ ಹೋದೆ. ಶಾಲೆಯ ಹಿಂದೆ ನಾಲ್ಕನೇ ಮನೆ. ಹುಲಿಗೆಮ್ಮನ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಮಗಳ ಹೆಸರು ಹೇಳಿದ ಕೂಡಲೇ ಮುಖ ಅರಳಿತು. ಚಾಪೆ ಹಾಸಿದಳು. "ಕಬಡ್ಡಿ ಆಡ್ತಾಳ್ರಿ ನನ್ನ ಮಗಳು. ದೊಡ್ಡ ಊರಾಗ ಪುಕ್ಕಟೆ ಓದ್ತಾಳ. ವಾರಕ್ಕೊಮ್ಮೆ ಫೋನ್ ಮಾಡ್ತಾಳ್ರಿ. ಏನ್ ಕೇಳಿದ್ರೂ ಎಲ್ಲಾ ಚೆನ್ನಾಗೈತವ್ವಾ ಅಂತಾಳ. ಒಂದು ದಿನಾನೂ ಒಂದು ದೂರಿಲ್ಲ, ಬಂಗಾರದಂಥಾ ಹುಡುಗಿ" ಅಂದಳು.

ನಾನು ಆಕೆಯ ಹಿಟ್ಟಿನ ಕೈ ಹಿಡಿದುಕೊಂಡೆ. ನನ್ನ ಕತೆಯನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದು ಎರಡನೇ ಸಲ. "ನಾನೂ ಎರಡು ವರ್ಷ ನಮ್ಮಕ್ಕಗ ಹಂಗೇ ಅಂತಿದ್ದೆ ರೀ" ಅಂದೆ.

ಹೆಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆ ಎದ್ದಿತು. ಆಕೆ ಎದ್ದು ಒಲೆಗೆ ನೀರು ಸುರಿದಳು, ಚಪ್ಪಲಿ ಮೆಟ್ಟಿಕೊಂಡಳು, "ನಡೀರಿ" ಅಂದಳು.

ದಾರಿಯಲ್ಲೇ ಫೋನ್ ಮಾಡಿದ್ದೆ, ಮಮತಾ ಮೇಡಂ ಬಳ್ಳಾರಿ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಅವರ ಜೊತೆ ಪೊಲೀಸರ ಹತ್ತಿರ ಹೋಗಿ ಬರೆದುಕೊಟ್ಟೆವು. ಫೋನ್ ನಂಬರಿನ ಜಾಡು ಹಿಡಿದು ಆ ಅಕಾಡೆಮಿಯ ಜಾಗ ಪತ್ತೆ ಮಾಡಲು ಅವರಿಗೆ ಇಷ್ಟು ದಿನ ಹಿಡಿಯಿತು. ನಾಳೆ ಪೊಲೀಸ್ ಜೀಪಿನಲ್ಲಿ ಹುಲಿಗೆಮ್ಮನ ತಾಯಿ, ಮೇಡಂ, ನಾನು ಮೂವರೂ ಅಲ್ಲಿಗೆ ಹೋಗುತ್ತಿದ್ದೇವೆ. ಗೇಟು ತೆಗೆದಾಗ ಒಳಗೆ ಏನು ನೋಡಬೇಕಾಗುತ್ತದೋ ಗೊತ್ತಿಲ್ಲ. ಹೋಗದೆ ಇರಲಾರೆ. ಹುಲಿಗೆಮ್ಮನಿಗೆ ಅಂತ ಆಕೆಯ ತಾಯಿ ಇವತ್ತು ಹೊಸದಾಗಿ ರೊಟ್ಟಿ ಬಡಿದು ಕಟ್ಟಿ ನನ್ನ ಕೈಗೇ ಕೊಟ್ಟಿದ್ದಾಳೆ.

ನಿನ್ನ ಚಿಕ್ಕಮ್ಮ,
ವನಿತಾ